ಮರಳಲ್ಲೂ ನೀರಲ್ಲೂ ಅದೇ ಬಳ್ಳಿ

(ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಂದ ಪುನರುಕ್ತಿಗಳನ್ನು ಕಳೆದು, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಾಡುಬಳ್ಳಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತೇನೆ ಎಂದಾಗ ಕೂಟದವರು ಕೊಂಚ ಅನುಮಾನದಿಂದಲೇ ಒಪ್ಪಿದರು. ಟುಲಿಪ್ ಬಗ್ಗೆ ಆಗಬಹುದಲ್ಲ ಸಾರ್ ಎಂದವರೂ ಇದ್ದರು. ಟುಲಿಪ್ಪಿಗೆ ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವ ಬಳ್ಳಿಯನ್ನು ನೀವೆಲ್ಲ ದಿನಾ ದಾಟಿಕೊಂಡು ಹೋಗುತ್ತೀರಿ, ಆದರೆ ಅದರ ಹೆಸರು ಕೇಳಿದವರು ಇಲ್ಲಿ ಹೆಚ್ಚು ಜನ ಇರಲಾರರು. ಸೊಲಾನಮ್ ಡಲ್ಕಮಾರ. ಇಂಗ್ಲಿಷಿನವರು ಬಿಟರ್‌ಸ್ವೀಟ್ ಎನ್ನುತ್ತಾರೆ, ವುಡಿ ನೈಟ್‌ಶೇಡ್ ಎಂದೂ ಕರೆಯುತ್ತಾರೆ. ಇಲ್ಲಿಯವರಿಗೆ ಇದು ಬಿಟರ್‌ಝೂಟ್. 1753ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ನಮ್ಮ ಬದನೆ, ಟೊಮೆಟೊ, ಆಲೂಗಡ್ಡೆ, ಸುಂಡೆ, ನೆಲಗುಳ್ಳ, ಗಣಿಕೆ ಎಲ್ಲವೂ ಇದೇ ಸೊಲಾನಮ್ ಕುಲದವು. ಆದ್ದರಿಂದ ಈ ಬಳ್ಳಿಯ ಹೂ ನೋಡಿದ ಕೂಡಲೇ ನಮಗೆ ಪರಿಚಯದ ಮುಖ ಕಂಡಂತಾಗುತ್ತದೆ. ಬದನೆ ಹೂವನ್ನು ಕಿರಿದು ಮಾಡಿ, ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪರಾಗಕೋಶಗಳನ್ನು ಒಂದು ಚೂಪು ಗೋಪುರವಾಗಿ ಮುಂದಕ್ಕೆ ಚಾಚಿದರೆ ಬಿಟರ್‌ಝೂಟ್ ಹೂ. ಬಣ್ಣ ಕಡು ನೇರಳೆ. ಪ್ರತಿ ಎಸಳಿನ ಬುಡದಲ್ಲಿ ಬಿಳಿ ಅಂಚಿನ ಎರಡೆರಡು ಹಸಿರು ಚುಕ್ಕೆ. ಹೊಳೆಯುವ ಆ ಚುಕ್ಕೆಗಳನ್ನು ನೋಡಿದರೆ ಮಕರಂದ ಜಿನುಗಿದಂತೆ ಕಾಣುತ್ತದೆ. ಹೂವಿನಲ್ಲಿ ಮಕರಂದವೇ ಇಲ್ಲ. ದುಂಬಿಗೆ ಸಿಗುವುದು ಪರಾಗ ಮಾತ್ರ, ಅದೂ ಸುಲಭವಾಗಿ ಅಲ್ಲ. ಪರಾಗಕೋಶದ ತುದಿಯಲ್ಲಿ ಒಂದು ಕಿರು ರಂಧ್ರ ಇರುತ್ತದೆ. ಬಂಬಲ್‌ಬೀ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಆಡಿಸದೆ ಎದೆಯ ಸ್ನಾಯುಗಳನ್ನು ಝೇಂಕರಿಸಿದಾಗ ಪರಾಗ ಉದುರುತ್ತದೆ. ಜೇನುಹುಳಕ್ಕೆ ಈ ವಿದ್ಯೆ ಬರುವುದಿಲ್ಲ. ನೀವು ಅಂಗಡಿಯಲ್ಲಿ ಕೊಳ್ಳುವ ಇಲ್ಲಿನ ಗಾಜಿನಮನೆ ಟೊಮೆಟೊಗೂ ಇದೇ ಬಂಬಲ್‌ಬೀ ಬೇಕು, ರಟ್ಟಿನ ಪೆಟ್ಟಿಗೆಯಲ್ಲಿ ಅದರ ಗೂಡನ್ನೇ ತಂದು ಇಡುತ್ತಾರೆ. ಇರಲಿ, ಹೂವಿನ ವಿಷಯ ನನ್ನ ಇವತ್ತಿನ ವಿಷಯ ಅಲ್ಲ.

ನಾನು ಹೇಳಬೇಕಾಗಿರುವುದು ಈ ಬಳ್ಳಿ ಎಲ್ಲೆಲ್ಲಿ ಬದುಕುತ್ತದೆ ಎಂಬುದು. ಹೇಳುವುದಕ್ಕೆ ಸರಳ, ಒಪ್ಪುವುದಕ್ಕೆ ಕಷ್ಟ. ಯಾಕೆಂದರೆ ಗಿಡಗಳನ್ನು ನಾವು ತಾಣದಿಂದಲೇ ಗುರುತಿಸುತ್ತೇವೆ. ತಾವರೆ ಎಂದರೆ ಕೆರೆ, ಪಾಪಾಸುಕಳ್ಳಿ ಎಂದರೆ ಬರಡು ನೆಲ, ಕೇದಗೆ ಎಂದರೆ ಹಳ್ಳದ ದಂಡೆ. ಬಿಟರ್‌ಝೂಟನ್ನು ಹೀಗೆ ಒಂದು ಜಾಗಕ್ಕೆ ಕಟ್ಟಿಹಾಕಲು ಹೋದವರೆಲ್ಲ ಸೋತಿದ್ದಾರೆ.

ಮೊದಲು ನೀರಿನಿಂದ ಶುರು ಮಾಡೋಣ. ಇಲ್ಲಿನ ಹೊಲಗಳ ನಡುವೆ ಹರಿಯುವ, ಕೆಲವೊಮ್ಮೆ ಹರಿಯದೆ ನಿಂತೇ ಇರುವ ಸಣ್ಣ ಕಾಲುವೆಗಳನ್ನು ಸ್ಲೋಟ್ ಎನ್ನುತ್ತಾರಲ್ಲ, ಅದರ ಅಂಚಿನ ಜೊಂಡಿನ ನಡುವೆ ಜೂನ್ ಜುಲೈನಲ್ಲಿ ನೇರಳೆ ಹೂ ಕಂಡರೆ ಬಹುಪಾಲು ಅದು ಇದೇ. ಬುಡ ಕೆಸರಿನಲ್ಲಿ, ಕಾಂಡದ ಅರ್ಧ ನೀರಿನಲ್ಲಿ, ಉಳಿದರ್ಧ ಜೊಂಡನ್ನು ಆತುಕೊಂಡು ಮೇಲಕ್ಕೆ. ಆಲ್ಡರ್ ಮತ್ತು ವಿಲೋ ಬೆಳೆದ ಜವುಗು ಕಾಡುಗಳಲ್ಲಿ ಇದು ಸಾಮಾನ್ಯ ಬಳ್ಳಿ. ಬಳ್ಳಿ ಎಂದೆ, ಆದರೆ ಹಾಗಲದ ಬಳ್ಳಿಯಂತೆ ಇದಕ್ಕೆ ಹಿಡಿತದ ತಂತು ಇಲ್ಲ, ಕೊಕ್ಕೆಮುಳ್ಳೂ ಇಲ್ಲ. ಬುಡದಲ್ಲಿ ಕಟ್ಟಿಗೆಯಾಗಿ ಗಟ್ಟಿಯಾಗುತ್ತದೆ, ಮೇಲಿನ ಹಸಿರು ಭಾಗ ಪಕ್ಕದ ಗಿಡದ ಮೇಲೆ ಒರಗಿ, ಕೊಂಬೆಗಳ ಸಂದಿಯಲ್ಲಿ ನುಗ್ಗಿ, ಎಲೆತೊಟ್ಟನ್ನು ಅಲ್ಲಲ್ಲಿ ಸಿಕ್ಕಿಸಿ ಏರುತ್ತದೆ. ಎರಡು ಮೀಟರ್, ಆಸರೆ ಚೆನ್ನಾಗಿದ್ದರೆ ಮೂರು ನಾಲ್ಕು ಮೀಟರ್. ಚಳಿಗಾಲದಲ್ಲಿ ಮೇಲಿನದೆಲ್ಲ ಒಣಗುತ್ತದೆ, ಕಟ್ಟಿಗೆಯ ಭಾಗ ಉಳಿಯುತ್ತದೆ.

ಇಷ್ಟು ಹೇಳಿ ಇದನ್ನು ನೀರಿನ ಬಳ್ಳಿ ಎಂದು ಬರೆದುಕೊಂಡರೆ, ನಾಳೆ ನೀವು ಝಾಂಡ್‌ಫೋರ್ಟ್ ಕಡೆಯ ಮರಳು ದಿಬ್ಬಗಳಿಗೆ ಹೋದಾಗ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಆ ದಿಬ್ಬಗಳು ನಿಮಗೆ ಗೊತ್ತು. ಆಮ್‌ಸ್ಟರ್‌ಡಾಂಗೆ 1853ರಿಂದ ಕುಡಿಯುವ ನೀರು ಬರುತ್ತಿರುವುದು ಅಲ್ಲಿಂದಲೇ. ನೀರು ಆಳದಲ್ಲಿದೆ. ಮೇಲಿನ ಮರಳಿನಲ್ಲಿ ಮಳೆ ಬಿದ್ದ ಮರುಗಳಿಗೆಗೆ ಒಂದು ಹನಿ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಬರಿಗಾಲಿಡಲು ಆಗುವುದಿಲ್ಲ, ಗಾಳಿಯಲ್ಲಿ ಉಪ್ಪು ಬೇರೆ. ಅಂಥ ಕಡೆ ಮುಳ್ಳುಮುಳ್ಳಾದ ಕಿತ್ತಳೆ ಹಣ್ಣಿನ ಡುಯಿನ್‌ಡೋರ್ನ್ ಪೊದೆಗಳ ನಡುವೆ ಇದೇ ಬಿಟರ್‌ಝೂಟ್ ಕುಳಿತಿರುತ್ತದೆ. ಅಷ್ಟೆತ್ತರ ಏರುವುದಿಲ್ಲ, ನೆಲ ಹಿಡಿದುಕೊಂಡು ಗಿಡ್ಡಗೆ ಇರುತ್ತದೆ, ಅಷ್ಟೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಇದಕ್ಕಿಂತ ವಿಚಿತ್ರ. ಕೆಂಟ್, ಸಸೆಕ್ಸ್ ಕಡೆ ಸಮುದ್ರದಂಡೆ ಮರಳಿನದಲ್ಲ, ಉರುಟು ಕಲ್ಲಿನದು. ಮೈಲಿಗಟ್ಟಲೆ ಬರೀ ಕಲ್ಲುಗುಂಡು, ಮಣ್ಣೆಂಬುದು ಕಲ್ಲಿನ ಸಂದಿಯಲ್ಲಿ ಹುಡುಕಿದರೆ ಉಂಟು. ಅಲ್ಲಿ ಬೆಳೆಯುವ ಬಿಟರ್‌ಝೂಟ್ ಪೂರ್ತಿ ಮಲಗಿಬಿಟ್ಟಿರುತ್ತದೆ, ಎಲೆ ದಪ್ಪ, ಹಿಸುಕಿದರೆ ರಸ ಬರುವಷ್ಟು. ಅದನ್ನು ಬೇರೆಯದೇ ಪ್ರಭೇದ ಎಂದು ಕರೆಯುವ ಧೈರ್ಯ ಸಸ್ಯಶಾಸ್ತ್ರಜ್ಞರಿಗೆ ಬರಲಿಲ್ಲ. ಮರೈನಮ್ ಎಂಬ ಉಪಹೆಸರು ಕೊಟ್ಟು ಅದೇ ಜಾತಿಯೊಳಗೆ ಇಟ್ಟುಕೊಂಡರು.

ಇನ್ನು ಬೇಲಿಸಾಲು, ರೈಲು ಹಳಿಯ ಪಕ್ಕ, ಹಳೇ ಗೋಡೆ, ಕಸ ಸುರಿಯುವ ಜಾಗ, ಬೀಚ್ ಮರಗಳ ಕಾಡಿನ ಕತ್ತಲೆಯಂಚು. ಇವುಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆದರೆ ವಿಲೋ ಮರದ ತಲೆ ಬಗ್ಗೆ ಹೇಳಲೇಬೇಕು. ಈ ದೇಶದ ಕಾಲುವೆ ದಂಡೆಯಲ್ಲಿ ಸಾಲಾಗಿ ನಿಂತ, ಆಳೆತ್ತರದಲ್ಲಿ ಕಡಿಸಿಕೊಂಡು ಕಡಿಸಿಕೊಂಡು ತಲೆ ಊದಿಕೊಂಡ ವಿಲೋ ಮರಗಳನ್ನು ನೀವು ನೋಡಿದ್ದೀರಿ. ಆ ಊದಿದ ತಲೆಯ ನಡುವೆ ಟೊಳ್ಳು ಬಿದ್ದು, ಎಲೆ ಕೊಳೆತು, ಒಂದು ಬೊಗಸೆ ಗೊಬ್ಬರದ ಮಣ್ಣು ಸೇರಿರುತ್ತದೆ. ಹಣ್ಣು ತಿಂದ ಬ್ಲ್ಯಾಕ್‌ಬರ್ಡ್ ಒಂದು ಅಲ್ಲಿ ಕುಳಿತು ಹಿಕ್ಕೆ ಹಾಕಿ ಹೋದರೆ ಮರುವರ್ಷ ಮರದ ನೆತ್ತಿಯ ಮೇಲೆ ಬಿಟರ್‌ಝೂಟ್. ನಮ್ಮಲ್ಲಿ ಹಳೇ ದೇವಸ್ಥಾನದ ಗೋಪುರದ ಮೇಲೆ ಅಶ್ವತ್ಥ ಹುಟ್ಟುವುದು ಹೀಗೇ. ಅಶ್ವತ್ಥವಾದರೋ ಗೋಡೆಯುದ್ದಕ್ಕೂ ಬೇರಿಳಿಸಿ ನೆಲ ಮುಟ್ಟುತ್ತದೆ. ಈ ಬಳ್ಳಿ ಆ ಬೊಗಸೆ ಮಣ್ಣಿನಲ್ಲೇ ಸಂಸಾರ ಮಾಡುತ್ತದೆ.

ನಿಂತ ನೀರು, ಒಣ ಮರಳು, ಕಡಲ ಕಲ್ಲು, ಕಾಡಿನ ನೆರಳು, ಮರದ ನೆತ್ತಿ. ಈಗ ಪ್ರಶ್ನೆ. ಇವೆಲ್ಲ ನಿಜವಾಗಿ ಒಂದೇ ಬಳ್ಳಿಯೋ, ಅಥವಾ ಒಂದೇ ಹೆಸರಿನಡಿ ಅಡಗಿರುವ ಬೇರೆಬೇರೆ ತಳಿಗಳೋ? ಮರಳಿನದಕ್ಕೆ ಮರಳು ಮಾತ್ರ ಗೊತ್ತು, ನೀರಿನದಕ್ಕೆ ನೀರು ಮಾತ್ರ ಗೊತ್ತು ಎಂದಿರಬಹುದಲ್ಲವೇ? ಬಹಳ ಗಿಡಗಳಲ್ಲಿ ಇರುವುದು ಹಾಗೆಯೇ. ತಾಣಕ್ಕೊಂದು ತಳಿ ತಲೆತಲಾಂತರದಿಂದ ಆಯ್ದು ನಿಂತಿರುತ್ತದೆ. ಅದಕ್ಕೆ ಇಕೋಟೈಪ್ ಎನ್ನುತ್ತಾರೆ.

ಬಿಟರ್‌ಝೂಟ್ ಕೂಡ ಹಾಗೇ ಎಂದು 1970ರ ದಶಕದಲ್ಲಿ ಒಂದು ವಾದ ಬಂತು, ನೀರಿನ ವಿಷಯದಲ್ಲಲ್ಲ, ಬೆಳಕಿನ ವಿಷಯದಲ್ಲಿ. ಗೌಲ್ ಎಂಬ ವಿಜ್ಞಾನಿ 1976ರಲ್ಲಿ ನೆರಳಿನ ತಾಣದ ಗಿಡಗಳನ್ನೂ ಬಿಸಿಲಿನ ತಾಣದ ಗಿಡಗಳನ್ನೂ ಹೋಲಿಸಿ, ನೆರಳಿನವು ಜೋರು ಬೆಳಕಿಗೆ ಒಗ್ಗುವುದಿಲ್ಲ, ಇವು ಎರಡು ಬೇರೆ ಇಕೋಟೈಪ್ ಎಂದು ಬರೆದರು. ಪಠ್ಯಪುಸ್ತಕಕ್ಕೆ ಹೇಳಿಮಾಡಿಸಿದಂಥ ಉದಾಹರಣೆ. ಮೂರೇ ವರ್ಷದಲ್ಲಿ, 1979ರಲ್ಲಿ, ಕ್ಲಫ್ ಮತ್ತು ಜೊತೆಗಾರರು ಎರಡೂ ಬಗೆಯ ತಾಣದಿಂದ ಗಿಡ ತಂದು ಮಂದ ಬೆಳಕಿನಲ್ಲೂ ಜೋರು ಬೆಳಕಿನಲ್ಲೂ ಬೆಳೆಸಿ ನೋಡಿದರು. ಎಲ್ಲಿಂದ ಬಂದದ್ದಾದರೂ ಸರಿ, ಸಿಕ್ಕ ಬೆಳಕಿಗೆ ತಕ್ಕಂತೆ ಎಲೆಯನ್ನು ಕಟ್ಟಿಕೊಂಡವು: ನೆರಳಲ್ಲಿ ಅಗಲ, ತೆಳು ಎಲೆ, ಬಿಸಿಲಲ್ಲಿ ಚಿಕ್ಕದು, ದಪ್ಪನೆಯದು, ಒಳಗಿನ ದ್ಯುತಿಸಂಶ್ಲೇಷಣೆಯ ಸಾಮಗ್ರಿಯೂ ಅದಕ್ಕೆ ತಕ್ಕ ಹಾಗೆ. ಅದೇ ವರ್ಷ ಗೌಲ್ ಕೂಡ ಈ ಪ್ರಶ್ನೆಗೆ ಮರಳಿ ಬಂದು, ಬೆಳಕಿನದು ಎಂದುಕೊಂಡಿದ್ದ ವ್ಯತ್ಯಾಸದಲ್ಲಿ ಸಣ್ಣ ಮಟ್ಟದ ನೀರಿನ ಕೊರತೆಯ ಕೈವಾಡ ಇರುವುದನ್ನು ತೋರಿಸಿದರು. ವಿಜ್ಞಾನದಲ್ಲಿ ನನಗೆ ಇಷ್ಟವಾಗುವ ಪ್ರಸಂಗಗಳು ಇಂಥವು. ಯಾರೂ ಗದ್ದಲ ಮಾಡಲಿಲ್ಲ, ಗಿಡವನ್ನು ಇನ್ನೊಮ್ಮೆ ಬೆಳೆಸಿದರು, ಅಷ್ಟೆ.

ಹಾಗಾದರೆ ನೀರು? ಅದಕ್ಕೆ ಉತ್ತರ ಸಿಕ್ಕಿದ್ದು ಈ ದೇಶದಲ್ಲೇ, ನೈಮೇಖನ್ ಊರಿನ ರಾಡ್‌ಬೌಡ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿಯವರು ಒಣ ದಿಬ್ಬಗಳ ಗಿಡಗಳನ್ನೂ ಒದ್ದೆ ನೆಲದ ಗಿಡಗಳನ್ನೂ ಒಟ್ಟಿಗೆ ಬೆಳೆಸಿ, ಕೆಲವಕ್ಕೆ ನೀರು ತಪ್ಪಿಸಿ, ಕೆಲವನ್ನು ನೀರಲ್ಲಿ ಮುಳುಗಿಸಿ, ಕೆಲವಕ್ಕೆ ಹದವಾಗಿ ನೀರುಣಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಮಾತಿನದು. ಡಿಎನ್‌ಎ ಗುರುತುಗಳನ್ನು ನೋಡಿದರೆ ಒಣ ನೆಲದವೂ ಒದ್ದೆ ನೆಲದವೂ ನಿಜವಾಗಿಯೂ ಬೇರೆಬೇರೆ ಗುಂಪು. ಆದರೆ ಬರ ಬಂದಾಗ, ನೆರೆ ಬಂದಾಗ ಗಿಡ ನಡೆದುಕೊಳ್ಳುವ ರೀತಿಯಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ದಿಬ್ಬದ ಗಿಡವನ್ನು ಮುಳುಗಿಸಿದರೆ ಅದು ಕಾಲುವೆಯ ಗಿಡ ಮಾಡುವುದನ್ನೇ ಮಾಡುತ್ತದೆ. ಒಂದು ಹನಿ ನಿಲ್ಲದ ಮರಳಿನಲ್ಲಿ ಹುಟ್ಟಿ ಬೆಳೆದದ್ದು, ನೀರಿನ ವಿದ್ಯೆಯನ್ನು ಮರೆತಿಲ್ಲ.

ಆ ವಿದ್ಯೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ನಾನು ತಂದಿರುವ ಈ ಕಾಂಡವನ್ನು ಮುಂದಿನ ಸಾಲಿನವರು ದಯವಿಟ್ಟು ಕೈಯಿಂದ ಕೈಗೆ ದಾಟಿಸಿ. ಬಾಯಿಗೆ ಬೇಡ, ನೋಡಿದ ಮೇಲೆ ಕೈ ತೊಳೆದುಕೊಳ್ಳಿ. ಗೆಣ್ಣಿನ ಆಸುಪಾಸಿನಲ್ಲಿ ಬೆರಳು ಸವರಿದರೆ ಸಣ್ಣಸಣ್ಣ ಗುಬುಟು ತಗಲುತ್ತದೆ. ತೊಗಟೆಯ ಕೆಳಗೆ ಕಾಳು ಸೇರಿಕೊಂಡ ಹಾಗೆ. ಅವು ರೋಗದ ಗಂಟುಗಳಲ್ಲ, ಚಿಗುರಿನ ಮೊಗ್ಗುಗಳೂ ಅಲ್ಲ. ಅವು ಬೇರುಗಳು, ಹುಟ್ಟುವುದಕ್ಕೆ ಮುಂಚೆಯೇ ನಿಂತುಬಿಟ್ಟ ಬೇರುಗಳು. ಟೊಮೆಟೊ ಗಿಡ ನೀರಲ್ಲಿ ಮುಳುಗಿದರೆ ಅದೂ ಕಾಂಡದಿಂದ ಬೇರು ಬಿಡಲು ನೋಡುತ್ತದೆ, ಆದರೆ ಮೊದಲಿಂದ ಕಟ್ಟಬೇಕು, ತಡವಾಗುತ್ತದೆ. ಬಿಟರ್‌ಝೂಟ್ ಯಾವ ಕಷ್ಟವೂ ಇಲ್ಲದ ಕಾಲದಲ್ಲೇ, ಒಣ ನೆಲದಲ್ಲಿ ನಿಂತಿರುವಾಗಲೇ ಈ ಕುಡಿಬೇರುಗಳನ್ನು ಕಾಂಡದೊಳಗೆ ಕಟ್ಟಿ ಮಲಗಿಸಿಟ್ಟಿರುತ್ತದೆ.

ಅವುಗಳನ್ನು ಎಬ್ಬಿಸುವುದು ಒಂದು ಅನಿಲ. ಗಿಡಗಳ ಮೈಯಲ್ಲಿ ಎಥಿಲೀನ್ ಸದಾ ತಯಾರಾಗುತ್ತಿರುತ್ತದೆ, ಬಾಳೆಕಾಯಿ ಹಣ್ಣಾಗಿಸುವ ಅದೇ ಎಥಿಲೀನ್. ಗಾಳಿಯಲ್ಲಿದ್ದಾಗ ಅದು ಹಾರಿಹೋಗುತ್ತದೆ. ನೀರಿನಲ್ಲಿ ಅನಿಲ ಚಲಿಸುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಹಾಗಾಗಿ ಕಾಂಡ ಮುಳುಗಿದ ಕೂಡಲೇ ಎಥಿಲೀನ್ ಹೊರಹೋಗಲಾರದೆ ಒಳಗೇ ಸೇರತೊಡಗುತ್ತದೆ. ಗಿಡಕ್ಕೆ ನೀರು ಬಂದಿರುವುದು ತಿಳಿಯುವುದು ಹೀಗೆ. ಎಥಿಲೀನ್ ಹೆಚ್ಚಿದಂತೆ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನಿನ ಕೆಲಸ ಜೋರಾಗುತ್ತದೆ, ಬೇರನ್ನು ಮಲಗಿಸಿಟ್ಟಿದ್ದ ತಡೆ ಸಡಿಲುತ್ತದೆ. ಎರಡು ಮೂರು ದಿನದಲ್ಲಿ ತೊಗಟೆ ಸೀಳಿ ಬೆಳ್ಳನೆಯ ಬೇರು ಹೊರಗೆ. ಮನೆಯಲ್ಲಿ ಗಾಜಿನ ಲೋಟದಲ್ಲಿ ಮಾಡಿ ನೋಡಿ. ಗಮನಿಸಬೇಕಾದ್ದು ಏನೆಂದರೆ, ನೀರಿನ ಮಟ್ಟದ ಕೆಳಗಿನ ಗುಬುಟುಗಳು ಮಾತ್ರ ಒಡೆಯುತ್ತವೆ. ಒಂದು ಬೆರಳು ಮೇಲಿರುವುದು ಹಾಗೇ ಮಲಗಿರುತ್ತದೆ. ಲೋಟಕ್ಕೆ ಇನ್ನಷ್ಟು ನೀರು ಹಾಕಿ, ಅದರ ಸರದಿ ಬರುತ್ತದೆ. ಕೆಸರಿನೊಳಗೆ ಉಸಿರುಗಟ್ಟಿದ ಹಳೇ ಬೇರುಗಳ ಕೆಲಸವನ್ನು, ಆಮ್ಲಜನಕ ಸಿಗುವ ಮೇಲಿನ ನೀರಿನಲ್ಲಿ ತೇಲುವ ಈ ಹೊಸ ಬೇರುಗಳು ವಹಿಸಿಕೊಳ್ಳುತ್ತವೆ.

ನನಗೆ ಈ ಗಿಡದ ಬಗ್ಗೆ ಇರುವ ಗೌರವವೆಲ್ಲ ಆ ಗುಬುಟುಗಳ ಮೇಲೆ ನಿಂತಿದೆ. ಝಾಂಡ್‌ಫೋರ್ಟಿನ ದಿಬ್ಬದ ತುದಿಗೆ ನೆರೆ ಬರುವುದು ಯಾವ ಕಾಲಕ್ಕೆ? ಆದರೂ ಸಿದ್ಧತೆ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಎಂದರೆ ನನ್ನ ಲೆಕ್ಕ ಹೀಗೆ: ಇದರ ಬೀಜ ಹೊತ್ತು ಹೋಗುವುದು ಹಕ್ಕಿ. ಹಕ್ಕಿಗೆ ತಾಣದ ಹಂಗಿಲ್ಲ. ದಿಬ್ಬದಲ್ಲಿ ತಿಂದದ್ದನ್ನು ಕಾಲುವೆಯಲ್ಲಿ ಉದುರಿಸುತ್ತದೆ, ಕಾಲುವೆಯಲ್ಲಿ ತಿಂದದ್ದನ್ನು ವಿಲೋ ತಲೆಯ ಮೇಲೆ. ತಾಯಿಯ ತಾಣ ಮಗಳಿಗೆ ಸಿಗುತ್ತದೆ ಎಂಬ ಭರವಸೆ ಇಲ್ಲದ ಮನೆತನದಲ್ಲಿ ಒಂದೇ ತಾಣಕ್ಕೆ ನಿಪುಣರಾಗುವುದು ಅಪಾಯ. ಇದು ನನ್ನ ಊಹೆ ಎಂದೇ ತೆಗೆದುಕೊಳ್ಳಿ, ಆದರೆ ಕೆಟ್ಟ ಊಹೆ ಅಲ್ಲ.

ಇಲ್ಲೊಂದು ಸಣ್ಣ ವಿಷಯಾಂತರ. ನಿಮ್ಮಲ್ಲಿ ಹೋಮಿಯೋಪಥಿ ನಂಬುವವರು ಡಲ್ಕಮಾರ ಎಂಬ ಹೆಸರನ್ನು ಬೆಂಗಳೂರಿನ ಔಷಧಿ ಅಂಗಡಿಯಲ್ಲೇ ಕೇಳಿರುತ್ತೀರಿ. ಥಂಡಿ ಹವೆ, ಮಳೆಯಲ್ಲಿ ನೆನೆದು ಬಂದ ನೆಗಡಿ, ಕೀಲುನೋವು, ಇದಕ್ಕೆಲ್ಲ ಕೊಡುತ್ತಾರೆ. ಜವುಗಿನಲ್ಲಿ ಬೆಳೆಯುವ ಗಿಡ, ಅದಕ್ಕೇ ಥಂಡಿಯ ಕಾಯಿಲೆಗೆ ಆಗಿಬರುತ್ತದೆ ಎಂದು ವಿವರಿಸುವವರನ್ನು ಕಂಡಿದ್ದೇನೆ. ಮರಳು ದಿಬ್ಬದ ಡಲ್ಕಮಾರ ಯಾವ ಕಾಯಿಲೆಗೆ ಎಂದು ಕೇಳಬೇಕು ಎನ್ನಿಸುತ್ತದೆ, ಕೇಳಿಲ್ಲ.

ಈವರೆಗೆ ಹೇಳಿದ್ದರಿಂದ ಈ ಬಳ್ಳಿಯಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಬೇಡಿ. ಬೆಳಕು ಮತ್ತು ನೀರಿನ ವಿಷಯದಲ್ಲಿ ಎಲ್ಲವೂ ಒಂದೇ ಪಾಠ ಓದಿವೆ. ವಿಷದ ವಿಷಯಕ್ಕೆ ಬಂದರೆ ಹಾಗಲ್ಲ. ಆಲೂಗಡ್ಡೆ ಹಸಿರಾದಾಗ ಬರುವ ಸೊಲನಿನ್ ಜಾತಿಯ ಆಲ್ಕಲಾಯ್ಡ್‌ಗಳೇ ಇದರ ಎಲೆ, ಕಾಂಡ, ಕಾಯಿಗಳಲ್ಲಿವೆ. ಪಶ್ಚಿಮ ಯುರೋಪಿನ ಗಿಡಗಳಲ್ಲಿ ಒಂದು ಬಗೆಯದು ಹೆಚ್ಚು, ಪೂರ್ವ ಯುರೋಪಿನವುಗಳಲ್ಲಿ ಇನ್ನೊಂದು. ಇದೇ ದೇಶದೊಳಗೂ ಕೆಲವು ಗಿಡಗಳನ್ನು ಚಿಪ್ಪಿಲ್ಲದ ಬಸವನಹುಳುಗಳು ಬೋಳಿಸಿ ತಿನ್ನುತ್ತವೆ, ಪಕ್ಕದಲ್ಲೇ ಇಟ್ಟ ಇನ್ನು ಕೆಲವನ್ನು ಮೂಸಿ ಬಿಡುತ್ತವೆ, ಕಾರಣ ಎಲೆಯ ಆಲ್ಕಲಾಯ್ಡಿನ ರಚನೆಯಲ್ಲಿರುವ ಸಣ್ಣ ಬದಲಾವಣೆ. ತಮಾಷೆ ಎಂದರೆ ಬಸವನಹುಳು ಬಿಟ್ಟ ಗಿಡವನ್ನು ಕೀಟಗಳೂ ಬಿಡುತ್ತವೆ ಎಂದೇನಿಲ್ಲ. ಅವುಗಳ ರುಚಿ ಬೇರೆ. ಒದ್ದೆ ನೆಲದಲ್ಲಿ ಬಸವನಹುಳುವಿನ ಕಾಟ ಎಷ್ಟೆಂದು ತರಕಾರಿ ಬೆಳೆದವರಿಗೆ ಗೊತ್ತಿದೆ. ಅಂದರೆ ತಾಣ ಎಂಬುದು ನೀರು ಬೆಳಕು ಮಾತ್ರವಲ್ಲ, ಅಲ್ಲಿ ಯಾರು ಹಸಿದಿದ್ದಾರೆ ಎಂಬುದೂ ಹೌದು.

ಇದಕ್ಕೆ ಗಿಡ ಹೂಡಿರುವ ಇನ್ನೊಂದು ಉಪಾಯ 2016ರಲ್ಲೇ ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯ ಸಂಶೋಧಕರಿಂದ ಬೆಳಕಿಗೆ ಬಂತು. ಹೂವಿನಲ್ಲಿ ಮಕರಂದ ಇಲ್ಲ ಎಂದೆನಲ್ಲ, ಗಾಯದಲ್ಲಿ ಇದೆ! ಹುಳು ಕಚ್ಚಿದ ಎಲೆಯಂಚನ್ನು ಗಮನಿಸಿದರೆ ಸಣ್ಣ ಹನಿ ಮಿನುಗುತ್ತದೆ. ಅದು ಸುಮ್ಮನೆ ಸೋರಿದ ಸಸ್ಯರಸವಲ್ಲ. ಅದರ ಅಂಶಗಳೇ ಬೇರೆ, ಸಕ್ಕರೆಯೇ ಹೆಚ್ಚು. ಇರುವೆ ಬರುತ್ತದೆ. ಇರುವೆ ಓಡಾಡುವ ಗಿಡದಲ್ಲಿ ಬಸವನಹುಳು ತಿನ್ನುವುದು ಕಡಿಮೆ. ಕಾಂಡದೊಳಗೆ ಕೊರೆದು ಹೋಗಬೇಕೆಂದು ಬರುವ ಒಂದು ಜಾತಿಯ ಜೀರುಂಡೆಯ ಮರಿಗಳನ್ನೂ ಇರುವೆಗಳು ಎತ್ತಿಕೊಂಡು ಹೋಗುತ್ತವೆ. ಬೇರೆ ಗಿಡಗಳಲ್ಲಿ ಇಂಥ ಕೆಲಸಕ್ಕೆ ಪ್ರತ್ಯೇಕ ಮಧುಗ್ರಂಥಿ ಇರುತ್ತದೆ. ಇದಕ್ಕೆ ಗ್ರಂಥಿಯೂ ಇಲ್ಲ, ಕಚ್ಚಿದ ಜಾಗವೇ ಗ್ರಂಥಿ.

ಈಗ ಸ್ವಲ್ಪ ಅಹಿತವಾದ ಭಾಗ. ನಾನು ಹಾಸನದ ಕಡೆಯವನು. ಜಲಂಧರದಿಂದ ಬಂದ ಆಲೂಗಡ್ಡೆಯ ಬಿತ್ತನೆ ಗಡ್ಡೆ, ಮುಂಗಾರಿನ ಮೋಡ, ಅಂಗಮಾರಿ ರೋಗ ಎಂಬ ಮಾತು ಕೇಳಿದರೆ ರೈತರ ಮುಖ ಬಾಡುವುದು, ಇದೆಲ್ಲ ನೋಡಿಕೊಂಡು ಬೆಳೆದವನು. 1845ರಲ್ಲಿ ಐರ್ಲೆಂಡಿನಲ್ಲಿ ಬರಗಾಲ ತಂದದ್ದು ಇದೇ ಅಂಗಮಾರಿ. ಆಲೂಗಡ್ಡೆಯ ನೆಂಟನಾದ್ದರಿಂದ ಬಿಟರ್‌ಝೂಟಿಗೂ ಅಂಗಮಾರಿ ತಗಲುತ್ತದೆ, ಆದರೆ ಅಷ್ಟಾಗಿ ಸೋಲುವುದಿಲ್ಲ. ಇದರಲ್ಲಿರುವ ಒಂದು ನಿರೋಧಕ ಜೀನನ್ನು ಇಲ್ಲಿನ ವಿಜ್ಞಾನಿಗಳು 2010ರಲ್ಲಿ ಗುರುತಿಸಿದರು. ಅದು ಒಳ್ಳೆಯ ಸುದ್ದಿ.

ಕೆಟ್ಟದ್ದು ಬೇರೊಂದು ರೋಗದ್ದು. ಊರಲ್ಲಿ ಟೊಮೆಟೊ, ಬದನೆ ಗಿಡ ಬೆಳಿಗ್ಗೆ ನೆಟ್ಟಗಿದ್ದು ಸಂಜೆ ಜೋತುಬೀಳುವ ದುಂಡಾಣು ಸೊರಗು ರೋಗ ಗೊತ್ತಲ್ಲ. ಅದನ್ನು ತರುವ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ ತಂಪು ಹವೆಗೆ ಒಗ್ಗಿದ ತಳಿಯೊಂದು ಯುರೋಪಿಗೆ ಬಂತು. ಆಲೂಗಡ್ಡೆಯನ್ನು ಕೊಯ್ದರೆ ಒಳಗೆ ಕಂದು ಉಂಗುರ, ಅದರಿಂದ ಒಸರುವ ಲೋಳೆ. 1970ರ ದಶಕದಲ್ಲಿ ಸ್ವೀಡನ್, 1990ರ ದಶಕದಲ್ಲಿ ಇಂಗ್ಲೆಂಡು, 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ದೊಡ್ಡದಾಗಿ. ಹೊಲ ಶುದ್ಧಿ ಮಾಡಿ, ಬಿತ್ತನೆ ಬದಲಿಸಿದರೂ ರೋಗ ಮತ್ತೆ ಹಾಜರ್. ಉಳಿದುಕೊಂಡಿದ್ದು ಎಲ್ಲಿ ಎಂದು ಹುಡುಕಿದಾಗ ಸಿಕ್ಕಿದ್ದು ನದಿ ಕಾಲುವೆಗಳ ದಂಡೆಯ ಬಿಟರ್‌ಝೂಟ್. ನೀರಲ್ಲಿ ತೇಲುವ ಅದೇ ಬೇರುಗಳ ಮೂಲಕ ಬ್ಯಾಕ್ಟೀರಿಯಾ ಒಳಸೇರುತ್ತದೆ. ಬಳ್ಳಿ ಸೊರಗುವುದಿಲ್ಲ, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಳಿಗಾಲದ ತಣ್ಣೀರಿನಲ್ಲಿ ಬ್ಯಾಕ್ಟೀರಿಯಾ ಕುಗ್ಗುತ್ತದೆ, ಬಳ್ಳಿಯೊಳಗೆ ಬೆಚ್ಚಗೆ ಉಳಿಯುತ್ತದೆ. ಬೇಸಿಗೆಯಲ್ಲಿ ಬೇರಿನಿಂದ ಮತ್ತೆ ನೀರಿಗೆ. ಆ ನೀರನ್ನೇ ಪಂಪ್ ಹಾಕಿ ಆಲೂಗಡ್ಡೆ ಹೊಲಕ್ಕೆ ಚಿಮ್ಮಿಸಿದರೆ ಚಕ್ರ ಪೂರ್ತಿಯಾಯಿತು. ಅದಕ್ಕೇ ಈ ದೇಶದಲ್ಲಿ ಸುತ್ತ ಕಣ್ಣು ಹಾಯಿಸಿದಷ್ಟೂ ನೀರಿದ್ದರೂ ಬಿತ್ತನೆ ಆಲೂಗಡ್ಡೆಗೆ ಕಾಲುವೆ ನೀರು ಹಾಯಿಸುವುದಕ್ಕೆ ನಿಷೇಧ ಬಂದದ್ದು. ದಿಬ್ಬದ ಮೇಲಿನ, ಬೇಲಿಯಲ್ಲಿನ ಬಿಟರ್‌ಝೂಟಿನಿಂದ ಈ ತೊಂದರೆ ಇಲ್ಲ. ಒಂದೇ ಬಳ್ಳಿ, ಕಾಲು ಎಲ್ಲಿಟ್ಟಿದೆ ಎಂಬುದರ ಮೇಲೆ ನಿರುಪದ್ರವಿಯೋ ಪೀಡೆಯೋ ಆಗುತ್ತದೆ. ಸ್ವೀಡನ್ನಿನವರು ಹೊಲಕ್ಕೆ ನದಿಯ ನೀರು ಹಾಯಿಸುವುದನ್ನು ನಿಲ್ಲಿಸಿ, ದಂಡೆಯ ಬಳ್ಳಿಯನ್ನು ಕಿತ್ತು ಈ ರೋಗವನ್ನು ತಮ್ಮ ನಾಡಿನಿಂದಲೇ ಓಡಿಸಿದರು.

ಅಮೆರಿಕಕ್ಕೂ ಈ ಬಳ್ಳಿ ಹೋಗಿದೆ. ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಸುತ್ತಿನ ಕಿಂಗ್ ಕೌಂಟಿಯಲ್ಲಿ, ಸಣ್ಣ ತೊರೆಗಳ ಮೇಲೆ ಎರಡೂ ದಡದಿಂದ ಚಾಚಿಕೊಂಡು ಚಾಪೆಯಂತೆ ಹೆಣೆದು ನೀರಿನ ಓಟವನ್ನೇ ಕಟ್ಟುತ್ತದೆ ಎಂದು ಅಲ್ಲಿಯವರ ದೂರು. ಆದರೆ ಕುತೂಹಲದ ಮಾತೆಂದರೆ, ಈ ಬಳ್ಳಿಯ ಬಂಧುಬಳಗ ಇರುವುದು ಹೆಚ್ಚಾಗಿ ಅಮೆರಿಕ ಖಂಡದಲ್ಲೇ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಾಂಡ್ರಾ ನ್ಯಾಪ್ 2013ರಲ್ಲಿ ಈ ಬಳಗವನ್ನೆಲ್ಲ ಪರಿಷ್ಕರಿಸಿದಾಗ ಲೆಕ್ಕಕ್ಕೆ ಸಿಕ್ಕಿದ್ದು 45 ಜಾತಿ. ಅವುಗಳಲ್ಲಿ ಬಹುಪಾಲು ದಕ್ಷಿಣ ಮತ್ತು ಮಧ್ಯ ಅಮೆರಿಕದವು. ಹಳೇ ಜಗತ್ತಿನಲ್ಲಿ, ಅಂದರೆ ಯುರೋಪ್, ಏಷ್ಯಾ, ಆಫ್ರಿಕಾಗಳ ಕಡೆ, ಬೇರೂರಿದ ಕೆಲವೇ ಕೆಲವರಲ್ಲಿ ನಮ್ಮ ಬಿಟರ್‌ಝೂಟ್ ಒಬ್ಬ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಸಾರ್, ಊರಿಗೆ ಹೋದಾಗ ನಮ್ಮ ಮಕ್ಕಳು ಗಣಿಕೆ ಹಣ್ಣು ತಿಂತಾರೆ. ಇಲ್ಲಿ ಇದನ್ನ ಕಂಡು ಅದೇ ಅಂದುಕೊಂಡ್ರೆ?" ಬಹಳ ಸರಿಯಾದ ಭಯ. ಗಣಿಕೆಯ ಹೂ ಬಿಳಿ, ಹಣ್ಣು ಗುಂಡಗೆ, ಕಪ್ಪು. ಅದು ಬಳ್ಳಿಯಲ್ಲ, ಗಿಡ. ಬಿಟರ್‌ಝೂಟಿನ ಹಣ್ಣು ಮೊಟ್ಟೆಯಾಕಾರ, ಹಸಿರಿನಿಂದ ಹಳದಿ, ಕಿತ್ತಳೆ ದಾಟಿ ಹೊಳೆಯುವ ಕೆಂಪಾಗುತ್ತದೆ, ಒಂದೇ ಗೊಂಚಲಲ್ಲಿ ಎಲ್ಲ ಬಣ್ಣವೂ ಇರಬಹುದು. ವಿಷ ಹೆಚ್ಚಿರುವುದು ಹಸಿರು ಕಾಯಲ್ಲಿ, ಹಣ್ಣಾದಂತೆ ಇಳಿಯುತ್ತದೆ. ಹಾಗಂತ ಕೆಂಪು ಹಣ್ಣು ತಿನ್ನಬಹುದು ಎಂದು ನಾನು ಹೇಳುವುದಿಲ್ಲ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಎಷ್ಟು ತಿಂದಿದ್ದಾರೆ ಎಂದು ಲೆಕ್ಕ ಹಾಕುತ್ತಾ ಕೂರದೆ ವೈದ್ಯರಿಗೆ ಫೋನ್ ಮಾಡಿ. ಬೆಲ್ಲಡೋನ ಎಂಬ ಇನ್ನೊಂದು ನೈಟ್‌ಶೇಡ್ ಇದೆ, ಅದು ಪ್ರಾಣಾಂತಿಕ, ಕುಲವೇ ಬೇರೆ. ಇಂಟರ್‌ನೆಟ್ಟಿನಲ್ಲಿ ಎರಡನ್ನೂ ಕಲಸಿ ಗಾಬರಿಪಡಿಸುವವರಿದ್ದಾರೆ.

ಇನ್ನೊಬ್ಬರು ಊರಾಚೆ ಬಾಡಿಗೆ ತೋಟ ಇಟ್ಟುಕೊಂಡವರು. ಬದನೆ, ಟೊಮೆಟೊ, ನಾಲ್ಕು ಸಾಲು ಆಲೂಗಡ್ಡೆ, ಅಂಚಿನ ಸ್ಲೋಟಿನಲ್ಲಿ ಬಿಟರ್‌ಝೂಟ್. ಏನು ಮಾಡಲಿ ಎಂದರು. ಹಕ್ಕಿಗಳಿಗೆ ಚಳಿಗಾಲದ ಮೊದಲ ದಿನಗಳಲ್ಲಿ ಆ ಹಣ್ಣು ಬೇಕು, ಬಂಬಲ್‌ಬೀಗೆ ಹೂ ಬೇಕು. ಆದ್ದರಿಂದ ಬೇಲಿಯಲ್ಲಿರುವುದನ್ನು ಮುಟ್ಟಬೇಡಿ ಎಂದೆ. ಸ್ಲೋಟಿನ ನೀರನ್ನು ಮಾತ್ರ ಆಲೂಗಡ್ಡೆ ಟೊಮೆಟೊಗೆ ಹಾಕುವುದು ಬೇಡ, ಮಳೆನೀರಿನ ಪೀಪಾಯಿ ಇಟ್ಟುಕೊಳ್ಳಿ. ನೀರಂಚಿನದನ್ನು ಕೀಳಲೇಬೇಕೆಂದರೆ ಕಿತ್ತ ಕಾಂಡವನ್ನು ಅಲ್ಲೇ ನೀರಿಗೆ ಎಸೆಯಬೇಡಿ, ದಂಡೆಯ ಕೆಸರಿನಲ್ಲಿ ರಾಶಿ ಹಾಕಬೇಡಿ. ದೂರ ಒಯ್ದು, ಒಣ ಜಾಗದಲ್ಲಿ ಕಡ್ಡಿಯಾಗುವ ತನಕ ಬಿಡಿ. ಗುಬುಟಿರುವ ಒಂದು ಗೆಣ್ಣು ನೀರಿಗೆ ಬಿದ್ದರೂ ಸಾಕು, ಮುಂದಿನ ವಾರಕ್ಕೆ ಅದು ಕೆಳಗಿನ ತೋಟದವರ ದಂಡೆಯಲ್ಲಿ ಬೇರು ಬಿಟ್ಟಿರುತ್ತದೆ.